ಡಬ್ಬಿಯ ಜೊತೆ ಒಯ್ದ ಮೂಗು

ಮೊಮ್ಮಗಳು ರೇವಾ ಇವತ್ತು ಮುಂಜಾನೆ ಬಟ್ಟಲಲ್ಲಿ ತಲೆಗೂದಲಿನ ಬಣ್ಣ ಕಲಸುತ್ತಾ ಮುಖ ಸಿಂಡರಿಸಿದಳು.

"ಅಜ್ಜಿ, ಖಿಡಕಿ ತಗಿ ನಾ. ಅಮೋನಿಯಾ ವಾಸ್ನಿ ಭಾಳ ಐತಿ."

ನಾನು ಮೂಸಿದೆ. ಏನೂ ಬರಲಿಲ್ಲ. ಬಟ್ಟಲಿನ ಮೇಲೆಯೇ ಬಾಗಿ ಮೂಸಿದೆ. ನೀರು ಮೂಸಿದ ಹಾಗಿತ್ತು. "ಹೌದವ್ವಾ, ಭಾಳ ಐತಿ" ಎಂದು ಸುಳ್ಳು ಹೇಳಿ ಕಿಟಕಿ ತೆಗೆದೆ.

ಮೊನ್ನೆ ಸೊಸೆ ಅಡುಗೆಮನೆಗೆ ಓಡಿಬಂದು ಗ್ಯಾಸ್ ಬಂದ್ ಮಾಡಿದ್ದಳು. ಬೆಂಕಿ ಇರಲಿಲ್ಲ, ಬರೀ ಗ್ಯಾಸು ಸೋರುತ್ತಿತ್ತಂತೆ. ನಾನು ಪಕ್ಕದಲ್ಲೇ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಇವಳದೇ ಮೂಗು ಜಾಸ್ತಿ ಚುರುಕು ಎಂದು ಒಳಗೊಳಗೇ ಬೈದುಕೊಂಡಿದ್ದೆ.

ಅಮೋನಿಯಾ ನನಗೆ ಹೊಸದಲ್ಲ. ಐದನೆಯ ಇಯತ್ತೆ ಓದಿದವಳಿಗೆ ಅದು ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಮ್ಮವರು ಗದಗಿನಿಂದ ಅಣ್ಣನ ಬೆನ್ನು ಹತ್ತಿ ನಾಗಪುರಕ್ಕೆ ಬಂದು, ಗಾಂಧಿಬಾಗಿನ ಹಿಂದಿನ ಒಂದು ಐಸ್ ಕಾರ್ಖಾನೆಯಲ್ಲಿ ಮಷೀನು ನಡೆಸುತ್ತಿದ್ದರು. ಇಲ್ಲಿಯ ಬಿಸಿಲಲ್ಲಿ ನೀವು ಕುಡಿಯುವ ಕಬ್ಬಿನ ಹಾಲಿನ ಐಸು ಅಮೋನಿಯಾದಿಂದಲೇ ಆಗುವುದು. ಪೈಪಿನೊಳಗೆ ನೀರಿನಂತಿದ್ದದ್ದು ಗಾಳಿಯಾಗುವಾಗ ಸುತ್ತಲಿನ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ, ಆಗ ನೀರು ಕಲ್ಲಾಗುತ್ತದೆ. ಹೊಲದ ಗೊಬ್ಬರಕ್ಕೂ ಅದೇ ಬೇಕು. ಆದರೆ ಪೈಪಿನಿಂದ ಹೊರಬಿದ್ದರೆ ಹಸಿ ಎಲ್ಲಿದೆಯೆಂದು ಹುಡುಕುತ್ತದೆ. ಕಣ್ಣು, ಗಂಟಲು, ಬೆವೆತ ಕಂಕುಳು, ಎಲ್ಲ ಸುಡುತ್ತದೆ. ಹೆಚ್ಚಾದರೆ ಉಸಿರೇ ಕಟ್ಟುತ್ತದೆ. ಅದಕ್ಕೇ ಅವರ ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಟವೆಲ್ಲು. ಬಾಯಿ ಮೂಗಿಗೆ ಅದನ್ನು ಒತ್ತಿಕೊಂಡು, ಗಾಳಿಗೆ ಅಡ್ಡ ಓಡಬೇಕಂತೆ.

ಓಡುವುದಕ್ಕೆ ಮುಂಚೆ ವಾಸನೆ ಬರಬೇಕಲ್ಲ. ಒಂದು ದಿನ ಗಮನವಿಲ್ಲದೆ ಹಳಸಿದ ಬೇಳೆಸಾರು ಬಡಿಸಿಬಿಟ್ಟಿದ್ದೆ. ಸುರ್ರೆಂದು ಕುಡಿದು "ಇವತ್ತ ಚಲೋ ಆಗೇತಿ" ಎಂದರು. ಸಂಸಾರದಲ್ಲಿ ನನ್ನ ಅಡುಗೆಯನ್ನು ಅವರು ಹೊಗಳಿದ್ದು ಅದೊಂದೇ ಸಲ. ಆಗಲೇ ನನಗೆ ತಿಳಿಯಿತು. ವರ್ಷಗಟ್ಟಲೆ ಆ ಗಾಳಿ ಕುಡಿದು ಮೂಗು ಸತ್ತುಹೋಗಿತ್ತು.

"ಯಾರ ಮುಂದೂ ಅನಬ್ಯಾಡ," ಎಂದರು. "ವಾಸ್ನಿ ಹತ್ತದ ಆಪರೇಟರನ್ನ ಯಾರ ಇಟ್ಕೋತಾರ?"

ಅಂದಿನಿಂದ ಮಧ್ಯಾಹ್ನದ ಡಬ್ಬಿ ನಾನೇ ಒಯ್ಯತೊಡಗಿದೆ. ಮಷೀನಿನ ಸುತ್ತ ಒಂದು ಸುತ್ತು ಹಾಕುತ್ತಿದ್ದೆ.

"ಏನ ಹಂಗ ನಾಯಿಗತೆ ಮೂಸ್ತಿ?"

"ನಿಮ್ಮ ಮೂಗ ತಂದೀನ್ರಿ, ಡಬ್ಬಿ ಜೋಡಿ."

ನಗುತ್ತಿದ್ದೆವು. ಆದರೆ ದಿನದ ಉಳಿದ ಹೊತ್ತೆಲ್ಲ ಅಲ್ಲಿ ಮೂಗಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ಓಡಿದರೆ ಬಾಗಿಲಿಗೆ ಬಂದು ಕಾರ್ಖಾನೆಯ ದಿಕ್ಕಿಗೆ ನೋಡುತ್ತಿದ್ದೆ.

ಒಂದು ಬೇಸಿಗೆ ಮಧ್ಯಾಹ್ನ ಮಷೀನಿನ ಕೋಣೆಯ ಬಾಗಿಲಲ್ಲೇ ವಾಸನೆ ಮೂಗಿಗೆ ಇರಿಯಿತು. ಒಳಗೆ ಓಡಿದೆ. ಇವರು ಕೆಂಪು ಕಣ್ಣು ಒರೆಸಿಕೊಳ್ಳುತ್ತಾ ಸ್ಟೂಲಿನ ಮೇಲೆ ಆರಾಮಾಗಿ ಕೂತಿದ್ದರು. ಕಣ್ಣುರಿ ಬಿಸಿಲಿನದು ಎಂದುಕೊಂಡಿದ್ದರು. ನಾನು ಕೂಗಿದ ಮೇಲೆ ಗಂಧಕದ ಬತ್ತಿ ಹಚ್ಚಿ ಪೈಪುಗಳ ಉದ್ದಕ್ಕೂ ಹಿಡಿದರು. ಸೋರುವ ಕಡೆ ಅದರ ಹೊಗೆ ಬೆಳ್ಳಗೆ ದಟ್ಟವಾಗುತ್ತದೆ. ಒಂದು ವಾಲ್ವಿನ ಬಳಿ ಮೋಡದ ಹಾಗೆ ಎದ್ದಿತು. ಟವೆಲ್ಲು ಮುಖಕ್ಕೆ ಸುತ್ತಿಕೊಂಡು ಬಂದ್ ಮಾಡಿದರು. ಹೊರಗೆ ಐಸು ಹೇರುತ್ತಿದ್ದ ನಾಲ್ಕು ಜನಕ್ಕೆ ಏನೂ ಗೊತ್ತೇ ಆಗಲಿಲ್ಲ.

ನಾನು ಡಬ್ಬಿ ಅಲ್ಲೇ ಇಟ್ಟು, ಅವರು ಕೈ ಹಿಡಿದು ಜಗ್ಗಿದರೂ ನಿಲ್ಲದೆ, ಕಾರ್ಖಾನೆಯ ಸಾಹೇಬರ ಮುಂದೆ ಹೋಗಿ ಹೇಳಿಬಿಟ್ಟೆ: ಇವರಿಗೆ ವಾಸನೆ ಬರುವುದಿಲ್ಲ, ಮಷೀನಿನ ಹತ್ತಿರ ಬಿಡಬೇಡಿ. ನನ್ನ ಮುರುಕು ಹಿಂದಿ ಆ ದಿನ ಬರೋಬರ್ ತಿಳಿಯಿತು. ಅವರನ್ನು ಗೇಟು ಕಾಯಲು ಹಾಕಿದರು. ಪಗಾರವೂ ಇಳಿಯಿತು.

"ಆ ಮಷೀನ ಖೋಲಿ ನಂದಿತ್ತು," ಎಂದರು ರಾತ್ರಿ. "ನೀ ಕೊಟ್ಟ ಬಂದಿ." ಆಮೇಲೆ ಎಷ್ಟೋ ದಿನ ಗೋಡೆಗೆ ಮುಖ ಮಾಡಿ ಉಂಡರು. ಜೀವ ಉಳಿಸಿದವಳ ಮೇಲೆ ಎಂಥ ಸಿಟ್ಟು ಎಂದು ನಾನೂ ಮುಖ ತಿರುಗಿಸಿದ್ದೆ. ಗೇಟಿನಲ್ಲಿ ಕೂತು, ಹೊರಗೆ ಬಂದವರನ್ನೆಲ್ಲ ಅವರು ಒಂದೇ ಮಾತು ಕೇಳುತ್ತಿದ್ದರಂತೆ: ಒಳಗೆ ವಾಸನೆ ಇದೆಯೇ? ಸಾಯುವವರೆಗೂ ಆ ಅಂಜಿಕೆ ಬಿಡಲಿಲ್ಲ.

ರೇವಾ ತಲೆ ತೊಳೆದುಕೊಂಡು ಬಂದಳು. ಒಲೆಯ ಮುಂದೆ ನಿಂತಿದ್ದೆ. ಲೈಟರು ಕೈಯಲ್ಲಿತ್ತು, ಒತ್ತಲು ಧೈರ್ಯವಿರಲಿಲ್ಲ.

"ಕಾಯ್ ಝಾಲಂ ಅಜ್ಜಿ, ಏನಾತ? ಚಹಾ ಇಡಂಗಿಲ್ಲೇನ?"

"ನಂಗ ವಾಸ್ನಿ ಹತ್ತಂಗಿಲ್ಲ. ನಿಮ್ಮವ್ವಗ ಹೇಳು."

"ಮತ್ತ ಆಗ ಭಾಳ ಐತಿ ಅಂದಿ?"

"ಸುಳ್ಳ ಹೇಳಿದ್ನಿ."

ಅವಳು ನಗಲು ಹೋಗಿ ನಿಲ್ಲಿಸಿದಳು. ಲೈಟರನ್ನು ಅವಳ ಕೈಯಲ್ಲಿಟ್ಟೆ. ನನ್ನ ಬೆರಳು ಬೇಗ ಬಿಡಲಿಲ್ಲ, ಅವಳೇ ಬಿಡಿಸಿಕೊಂಡಳು. ಈ ಅಡುಗೆಮನೆಯಲ್ಲಿ ನನಗೆ ಗೊತ್ತಿಲ್ಲದೆ ಒಂದು ಚಮಚವೂ ಜಾಗ ಬದಲಿಸಿರಲಿಲ್ಲ. ಹೊಸ್ತಿಲ ಹೊರಗೆ ಬಂದು ಕೂತೆ. ಅವಳು ಒಲೆ ಹಚ್ಚುವ ಮೊದಲೇ ಬಾಯಿಂದ ಮಾತು ಹೊರಟಿತು.

"ಒಳಗ ವಾಸ್ನಿ ಐತೇನ?"