ಬ್ರೇಕ್ ಮೇಷ್ಟ್ರ ಜೊತೆ ಕಾರಿಲ್ಲದ ಮೂರು ದಿನ

ನಮ್ಮಪ್ಪನನ್ನು ಊರಿನವರು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಗಾಬರಿಬಿದ್ದಾಗ ಒತ್ತಲಿಕ್ಕೆ. ಅಪ್ಪ ಅದನ್ನು ಅವರ ಗಾಬರಿಗೆ ಮುಂಚೆಯೇ ಒತ್ತುತ್ತಿದ್ದ. ಬೇಕರಿಯ ಯಜಮಾನಿ, ಹಲ್ಲಿನ ಡಾಕ್ಟರು, ಶಾಲೆಯ ಹೆಡ್‌ಮಾಸ್ಟರು, ಎಲ್ಲರೂ ಅವನ ಪಕ್ಕದಲ್ಲಿ ಕೂತೇ ಮೊದಲ ಸಲ ಸ್ಟೀರಿಂಗ್ ಹಿಡಿದವರು. ಲೈಸೆನ್ಸ್ ಟೆಸ್ಟಿನಲ್ಲಿ ಯಾರಾದರೂ ಫೇಲಾಗಿ ಮುಖ ಇಳಿಬಿಟ್ಟುಕೊಂಡು ಬಂದರೆ ಅಪ್ಪ ಅವರಿಗೆ ಒಂದು ಟೀ ಕೊಡಿಸಿ, "ಇನ್ನೊಂದ್ಸಲ ಬರ್ಬೇಕಾಗುತ್ತೆ, ಅಷ್ಟೇ" ಎನ್ನುತ್ತಿದ್ದ. ಫೇಲ್ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಅಂಥ ತಾಳ್ಮೆಯ ಮನುಷ್ಯ ಎಂದು ಊರು ಇವತ್ತಿಗೂ ಹೊಗಳುತ್ತದೆ. ಹೊಗಳುವವರಿಗೇನು, ಅವರು ಅವನ ಜೊತೆ ಒಂದೇ ಮನೆಯಲ್ಲಿ ಇದ್ದವರಲ್ಲ.

ಮನೆಗೆ ಮಾರಿ, ಊರಿಗೆ ಉಪಕಾರಿ. ಮಗಳಾದ ನನಗೂ ಕಲಿಸಿದ. ದಿನಾ ಬೆಳಿಗ್ಗೆ ಕಿರುಚಿ ಕಿರುಚಿ ಕಲಿಸಿದ. ಹದಿನೆಂಟು ತುಂಬಿದ ವರ್ಷ ನಾನು ಟೆಸ್ಟಿಗೆ ಹೋಗಿ, ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಗುದ್ದಿ ಫೇಲಾದೆ. ಅವತ್ತು ಟೀ ಇಲ್ಲ, ಮಾತೂ ಇಲ್ಲ. ಮನೆ ಮುಟ್ಟುವವರೆಗೂ ಬಾಯಿ ಬಿಗಿದುಕೊಂಡು ಕಾರು ಓಡಿಸಿದ. ಆಮೇಲೆ ನಾನು ಸ್ಟೀರಿಂಗ್ ಮುಟ್ಟಲೇ ಇಲ್ಲ. ಬೇರೆ ಊರಿಗೆ ಹೋಗಿ ಈಜು ಕಲಿಸುವ ಮೇಷ್ಟ್ರಾದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಎಂದು ಅಮ್ಮ ನಮ್ಮಿಬ್ಬರ ಮೇಲೆ ಹೇಳುವ ಗಾದೆ. ಇದರಲ್ಲಿ ಕೋಣ ಯಾರು ಎಂದು ಕೇಳುವ ಅಗತ್ಯ ನನಗೆ ಬರಲಿಲ್ಲ.

ಈ ವರ್ಷ ನಮ್ಮೂರಿನಲ್ಲೇ ಹೊಸ ಈಜುಕೊಳ ಶುರುವಾಯಿತು, ಅಲ್ಲಿ ನನಗೆ ಕೆಲಸವೂ ಸಿಕ್ಕಿತು. ಅಷ್ಟು ಹೊತ್ತಿಗೆ ಅಪ್ಪ ಡ್ರೈವಿಂಗ್ ಸ್ಕೂಲು ಮುಚ್ಚಿ, ಕಾರು ಮಾರಿ, ಮನೆಯಲ್ಲಿ ಕೂತಿದ್ದ. ಕೂತವನು ಸುಮ್ಮನೆ ಕೂತಿರಲಿಲ್ಲ. ಮಹಡಿಯ ಮೇಲಿನ ಕೋಣೆಗೆ, ನನ್ನನ್ನು ಒಂದು ಮಾತೂ ಕೇಳದೆ, ತಾನೇ ಏಣಿ ಹತ್ತಿ ನೀಲಿ ಬಣ್ಣ ಬಳಿದಿದ್ದ. "ನಿನ್ನ ಕೊಳದ ಬಣ್ಣ," ಅಂದ ಫೋನಿನಲ್ಲಿ. ನಾನು ಬಂದು ಅಲ್ಲಿರುವುದು ಅವನ ಮಟ್ಟಿಗೆ ತೀರ್ಮಾನವಾಗಿಹೋಗಿತ್ತು. ನನ್ನ ಮಟ್ಟಿಗೆ ಆಗಿರಲಿಲ್ಲ.

"ಅವನ ಜೊತೆ ಇರೋಕಾಗುತ್ತೋ ಇಲ್ವೋ ನಂಗೆ ಗೊತ್ತಿಲ್ಲಮ್ಮ," ಎಂದೆ, ಊರಿಗೆ ಬಂದ ದಿನ.

ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಇಬ್ಬರೂ ಮೂರು ದಿನ ಎಲ್ಲಾದ್ರೂ ಹೋಗಿ ಬನ್ನಿ. ತಲೆ ಒಡೆದುಕೊಳ್ದೆ ವಾಪಸ್ ಬಂದ್ರೆ ಇಲ್ಲೇ ಇರು. ಇಲ್ಲಾಂದ್ರೆ ಬಾಡಿಗೆ ಮನೆ ನೋಡ್ಕೋ. ಹೇಗಾದ್ರೂ ಆಗ್ಲಿ, ನನ್ನ ಕಿವಿಗೆ ಮೂರು ದಿನ ರಜ ಸಿಗುತ್ತೆ."

ಪಕ್ಕದ ಕೋಣೆಯಿಂದ ಅಪ್ಪನ ದನಿ ಬಂತು. "ಅಂದ್ರೆ ನಂಗೆ ಟೆಸ್ಟು."

"ಹೌದಪ್ಪ, ಟೆಸ್ಟು," ಎಂದೆ. ತಮಾಷೆಗೆ ಹೇಳಿದೆ. ಅವನು ತಮಾಷೆಗೆ ಕೇಳಿಸಿಕೊಳ್ಳಲಿಲ್ಲ ಎಂದು ಮಾರನೆಯ ದಿನ ಅವನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟದ ಮೇಜಿಗೆ ಬಂದಾಗ ತಿಳಿಯಿತು.

ಎಲ್ಲಿಗೆ ಎಂದು ನಾನು ಆಗಲೇ ಯೋಚಿಸಿದ್ದೆ. ನಮ್ಮೂರಿಂದ ಅರ್ಧ ದಿನದ ಬಸ್ ದಾರಿಯಲ್ಲಿ ಒಂದು ದೊಡ್ಡ ನಗರ. ಅದರ ಹಳೇ ಪೇಟೆಯೊಳಗೆ ಈಗ ಕಾರು ಬಿಡುವುದಿಲ್ಲ. ಟ್ರಾಮಿದೆ, ನದಿಯಲ್ಲಿ ದೋಣಿಯಿದೆ, ಉಳಿದದ್ದಕ್ಕೆ ಕಾಲಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಗಾಜಿನ ಚಾವಣಿಯ ಒಂದು ಹಳೇ ಈಜುಕೊಳವಿದೆ. ಅದರ ಚಿತ್ರ ನನ್ನ ಕೋಣೆಯ ಗೋಡೆಯ ಮೇಲೆ ಎಷ್ಟೋ ವರ್ಷದಿಂದ ಇತ್ತು. ಆ ನೀರಿನಲ್ಲಿ ಒಮ್ಮೆ ಅಂಗಾತ ಮಲಗಿ ಮೇಲೆ ಬೆಳಕು ನೋಡಬೇಕು ಎಂಬುದು ನನ್ನ ಆಸೆ.

"ಕಾರು ಬಿಡದ ಊರು ಅದೂ ಒಂದು ಊರಾ?" ಎಂದ ಅಪ್ಪ. ಆದರೆ ಕಣ್ಣು ಅರಳಿತ್ತು. ಮದುವೆಗೆ ಮುಂಚೆ ಅದೇ ನಗರದಲ್ಲಿ ಅವನು ಬ್ರೆಡ್ ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಆಗ ಅಲ್ಲಿ ಗಾಡಿಗಳಿಗೆ ತಡೆ ಇರಲಿಲ್ಲ. "ಅಲ್ಲಿನ ಗಲ್ಲಿಗಲ್ಲಿ ನಂಗೆ ಗೊತ್ತು. ದಾರಿ ನಾನು ತೋರಿಸ್ತೀನಿ."

ಮಾತು ಮುಗಿಸುವ ಮೊದಲೇ ಬೆಂಕಿಪೊಟ್ಟಣಗಳು ಬಂದವು. ಅಪ್ಪ ಪಾಠ ಹೇಳುತ್ತಿದ್ದದ್ದೇ ಹಾಗೆ. ಹೊಸಬರನ್ನು ಕಾರಿಗೆ ಹತ್ತಿಸುವ ಮುಂಚೆ ಮೇಜಿನ ಮೇಲೆ ಚಮಚಗಳನ್ನಿಟ್ಟು ರಸ್ತೆ ಮಾಡಿ, ಬೆಂಕಿಪೊಟ್ಟಣ ಓಡಿಸಿ ತೋರಿಸುತ್ತಿದ್ದ. ಈಗ ಉಪ್ಪಿನ ಡಬ್ಬಿ ಗಡಿಯಾರ ಗೋಪುರವಾಯಿತು, ನೀರಿನ ಜಗ್ಗು ಈಜುಕೊಳವಾಯಿತು, ನಾವಿಬ್ಬರೂ ಎರಡು ಬೆಂಕಿಪೊಟ್ಟಣಗಳಾದೆವು. ನಾನು ದೋಣಿ ಅಂದರೆ ಅವನು ಪೊಟ್ಟಣವನ್ನು ಸೇತುವೆಯ ಮೇಲಿಂದ ಒಯ್ಯುತ್ತಿದ್ದ. ನಾನು ಮ್ಯೂಸಿಯಂ ಅಂದರೆ ಅವನು, "ಅಲ್ಲಿ ತಿರುಗಿಸಿಕೊಳ್ಳೋಕೆ ಜಾಗ ಇಲ್ಲ" ಅನ್ನುತ್ತಿದ್ದ.

"ಅಪ್ಪ, ನಾವು ನಡೀತೀವಿ. ನಂಗೆ ತಿರುಗಿಸಿಕೊಳ್ಳೋಕೆ ಹಿಮ್ಮಡಿ ಇದೆ."

"ಗೊತ್ತು ಗೊತ್ತು," ಎಂದು ಪೊಟ್ಟಣವನ್ನು ಮೂರು ಚಮಚ ಸುತ್ತಿಸಿ ಜಗ್ಗಿನ ಹತ್ತಿರ ತಂದು ನಿಲ್ಲಿಸಿದ. ಅಷ್ಟು ಸುತ್ತು ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಿದರೆ ಜಗಳ, ಜಗಳವಾದರೆ ಹೊರಡುವ ಮುಂಚೆಯೇ ಟೆಸ್ಟು ಮುಗಿದುಹೋಗುತ್ತದೆ. ಕೊನೆಗೆ ಅಮ್ಮ ಒಪ್ಪಂದ ಮಾಡಿಸಿದಳು. ಏನೇನು ನೋಡಬೇಕೆಂಬುದು ನನ್ನದು, ದಾರಿ ಅವನದು. ನಾನು ಫೋನಿನಲ್ಲಿ ನಕ್ಷೆ ತೆಗೆಯಬಾರದು, ಅವನು ನನ್ನ ಮೇಲೆ ದನಿ ಎತ್ತಬಾರದು.

ಬಸ್ಸಿನಲ್ಲಿ ಅವನು ಡ್ರೈವರ್ ಹಿಂದಿನ ಸೀಟೇ ಬೇಕೆಂದು ಕೂತ. ಅಲ್ಲಿಂದ ಶುರು. ಮುಂದೆ ಒಂದು ಲಾರಿ ಕಂಡರೆ ಸಾಕು, ಅಪ್ಪನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಅವನ ಮಂಡಿ ನನ್ನ ಮಂಡಿಗೆ ಬಡಿಯುತ್ತಿತ್ತು.

"ಗೇರ್ ಇಳಿಸ್ಬೇಕಿತ್ತು," ಎಂದ ಒಂದು ಏರಿನಲ್ಲಿ, ಡ್ರೈವರಿಗೆ ಕೇಳುವಷ್ಟು ಜೋರಾಗಿ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಜಮಾನ್ರೇ, ನೀವು ಓಡಿಸ್ತೀರಾ, ನಾನು ಹಿಂದೆ ಕೂತು ನಿದ್ದೆ ಮಾಡ್ಲಾ?"

ಅಪ್ಪ ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ನಾನು ಅವನ ತೋಳು ಹಿಡಿದು ಎಳೆದು ಕೂರಿಸಿಕೊಂಡೆ.

ಲಾಡ್ಜಿನಲ್ಲಿ ಚೀಲ ಇಟ್ಟು, ಮುಖ ತೊಳೆದು, ಈಜುಡುಪು ಕೈಚೀಲಕ್ಕೆ ಹಾಕಿಕೊಂಡು ಹೊರಟಾಗ ಇನ್ನೂ ಮಧ್ಯಾಹ್ನ. ಕೊಳ ಸಂಜೆಯವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿಕೊಂಡಿದ್ದೆ. "ಹತ್ತಿರಾನೇ," ಎಂದ ಅಪ್ಪ. ನಡೆದೆವು. ಗೋಪುರ ದಾಟಿದೆವು, ಮೀನಿನ ಮಾರುಕಟ್ಟೆ ದಾಟಿದೆವು, ನದಿಯ ದಂಡೆಗೆ ಇಳಿದು ಮತ್ತೆ ಹತ್ತಿದೆವು. ಖಾಲಿ ರಸ್ತೆಯಲ್ಲೂ ಅಪ್ಪ ಹಸಿರು ದೀಪ ಬರುವವರೆಗೆ ಕಾಯುತ್ತಿದ್ದ. ಮೂಲೆ ತಿರುಗುವ ಮುಂಚೆ ಕೈ ಚಾಚುತ್ತಿದ್ದ, ಕಾರಿನ ಕಿಟಕಿಯಿಂದ ಚಾಚುವ ಹಾಗೆ. ಒಂದು ಮೂಲೆಯಲ್ಲಿ ಆ ಕೈ ಹಿಂದಿನಿಂದ ಬರುತ್ತಿದ್ದ ಹೆಂಗಸಿನ ಕನ್ನಡಕಕ್ಕೆ ತಗುಲಿತು. "ಸಿಗ್ನಲ್ ಕೊಟ್ಟಿದ್ನಲ್ಲಮ್ಮ," ಎಂದ ಅವಳಿಗೇ. ಕ್ಷಮೆ ಕೇಳಿದ್ದು ನಾನು.

ನನ್ನ ಚಪ್ಪಲಿ ಕಚ್ಚತೊಡಗಿತು. ಕೈಚೀಲದಲ್ಲಿ ಫೋನಿತ್ತು, ಮುಟ್ಟಲಿಲ್ಲ. ಮಾತು ಕೊಟ್ಟಿದ್ದೆ. ಹಲ್ಲು ಕಚ್ಚಿಕೊಂಡು ನಡೆದೆ.

ಸಂಜೆ ಕೊಳ ಮುಟ್ಟಿದಾಗ ಕಾವಲಿನ ಹೆಂಗಸು ಗೇಟಿಗೆ ಸರಪಳಿ ಸುತ್ತುತ್ತಿದ್ದಳು. "ಮುಗೀತು. ನಾಳೆಯಿಂದ ರಿಪೇರಿ, ಯಾವಾಗ ತೆಗೀತಾರೋ ಗೊತ್ತಿಲ್ಲ. ಸ್ವಲ್ಪ ಮುಂಚೆ ಬಂದಿದ್ರೆ ಬಿಡ್ತಿದ್ದೆ," ಎಂದಳು. ಸರಳುಗಳ ಆಚೆ ಗಾಜಿನ ಚಾವಣಿಯ ಒಂದು ತುಂಡು ಕಾಣುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅಳು ಬಂತು, ಮೂವತ್ತು ದಾಟಿದ ಹೆಂಗಸು ಬೀದಿಯಲ್ಲಿ ಅಳಬಾರದೆಂದು ಮುಖ ತಿರುಗಿಸಿದೆ. ತಿರುಗಿಸಿದರೆ ಎದುರಿಗೆ ಒಂದು ನೇರವಾದ ರಸ್ತೆ. ಅದರ ಆ ತುದಿಯಲ್ಲಿ ಹಳದಿ ಬೋರ್ಡು. ನಮ್ಮ ಲಾಡ್ಜಿನ ಬೋರ್ಡು.

"ಅಪ್ಪ, ಅದು ನಮ್ಮ ಲಾಡ್ಜು."

"ಹೂಂ."

"ಈ ರಸ್ತೇಲಿ ಯಾಕೆ ಬರ್ಲಿಲ್ಲ?"

"ಅದು ಒನ್ ವೇ," ಎಂದ ಅಪ್ಪ. "ಆ ಕಡೆಯಿಂದ ಈ ಕಡೆಗೆ ಬರೋ ಹಾಗಿಲ್ಲ. ಬೋರ್ಡು ಇನ್ನೂ ಹಾಗೇ ಇದೆ, ನೋಡ್ಲಿಲ್ವಾ?" ಆಮೇಲೆ, ನನ್ನ ಮುಖ ನೋಡಿ, ಸಮಾಧಾನಕ್ಕೆ ಎಂಬಂತೆ ಸೇರಿಸಿದ. "ವಾಪಸ್ ಹೋಗೋವಾಗ ಇದರಲ್ಲೇ ಹೋಗ್ಬಹುದು. ತುಂಬ ಹತ್ತಿರ."

ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಎಂದು ಕೇಳಿದ್ದೆ. ಅದನ್ನು ಸಂಚಾರ ನಿಯಮದ ಪ್ರಕಾರ ಮಾಡುವವರನ್ನು ನೋಡಿರಲಿಲ್ಲ. ನಾನು ಕೂಗಾಡಿದೆ. ನಾವು ಮನುಷ್ಯರು, ವ್ಯಾನಲ್ಲ ಎಂದೆ. ಈ ಕೊಳಕ್ಕೋಸ್ಕರವೇ ಬಂದದ್ದು ಎಂದೆ. ನಿನ್ನ ಜೊತೆ ಎಲ್ಲಿ ಹೋದರೂ ಇಷ್ಟೇ, ನೀನು ಕೂತಿರುವ ಕಡೆಯೆಲ್ಲ ಬ್ರೇಕು ಎಂದೆ. ಅವನು ದನಿ ಎತ್ತಲಿಲ್ಲ, ಒಪ್ಪಂದ ನೆನಪಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಕಾವಲಿನ ಹೆಂಗಸು ಬೀಗ ಹಾಕುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ತಿಂಡಿ ಆದ ಮೇಲೆ ಅಪ್ಪ, "ಒಂದು ನಿಮಿಷ ಬಾ," ಎಂದು ಲಾಡ್ಜಿನ ಮುಂದಿನ ಆ ರಸ್ತೆಯ ಬಾಯಿಗೆ ಕರೆದುಕೊಂಡು ಹೋದ. ಅಲ್ಲಿ ಕೆಂಪು ವೃತ್ತದ ನಡುವೆ ಬಿಳಿ ಪಟ್ಟಿಯ ಬೋರ್ಡು, ಪ್ರವೇಶವಿಲ್ಲ ಎಂದು. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಅಪ್ಪ ಬೋರ್ಡಿನ ಕೆಳಗೆ ನಿಂತು ಒಂದು ಕಾಲು ಎತ್ತಿದ, ಇಳಿಸಿದ.

"ಈ ಬೋರ್ಡು ಕಂಡ್ರೆ ಕಾಲು ತಾನಾಗಿ ನಿಲ್ಬೇಕು ಅಂತ ಊರಿಗೆಲ್ಲ ಹೇಳ್ಕೊಟ್ಟೆ," ಎಂದ. "ಈಗ ನಂದೇ ಹೋಗ್ತಿಲ್ಲ ಪುಟ್ಟಿ."

ಆಮೇಲೆ ಅವನು ಹೊರಟ. ಅಂಚಿಗೆ ಅಂಟಿಕೊಂಡು, ಭುಜ ಬಿಗಿದು, ಎದುರಿನಿಂದ ಇಲ್ಲದ ಗಾಡಿಗಳು ಬರುತ್ತವೆ ಎಂಬಂತೆ ಕೈ ಎತ್ತಿ ಎತ್ತಿ ನಡೆದ. ಎರಡು ಹಾಡು ಮುಗಿಯುವಷ್ಟರಲ್ಲಿ ಕೊಳದ ಗೇಟು ಮುಟ್ಟಿದೆವು. ಅಪ್ಪ ಬೀಗವನ್ನು ಹಿಡಿದು ನೋಡಿದ, ಬಿಟ್ಟ.

"ಎಷ್ಟು ಹತ್ತಿರ," ಎಂದ.

ಮುಚ್ಚಿದ ಕೊಳಕ್ಕೆ ಹತ್ತಿರದ ದಾರಿ ಕಂಡುಕೊಂಡ ಆ ಮನುಷ್ಯನನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಪ ಅನ್ನಿಸಿತು, ಸಿಟ್ಟೂ ಹೋಗಲಿಲ್ಲ. ಉಳಿದ ಹೊತ್ತು ದೋಣಿಯಲ್ಲಿ ಕೂತೆವು, ಟ್ರಾಮಿನಲ್ಲಿ ಕೂತೆವು. ದೋಣಿಯಲ್ಲೂ ಅವನ ಕಾಲು ಒತ್ತುತ್ತಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವನು ಏನೂ ಕೇಳಲಿಲ್ಲ. ಮನೆ ಮುಟ್ಟಿದ ಮೇಲೆ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತ.

"ನಂದೇನಾಯ್ತು?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ದಿನಾ ಬೆಳಿಗ್ಗೆ ಆ ನೀಲಿ ಕೋಣೆಯಿಂದ ಇಳಿದು ಬಂದು, ಇನ್ನು ವರ್ಷಗಟ್ಟಲೆ ಹಲ್ಲು ಕಚ್ಚಬೇಕಾಗುತ್ತಿತ್ತು.

"ಫೇಲಪ್ಪ," ಎಂದೆ. "ಪಕ್ಕದ ಬೀದೀಲಿ ಒಂದು ಬಾಡಿಗೆ ಮನೆ ಇದೆ. ಅಲ್ಲಿರ್ತೀನಿ."

ಅಪ್ಪ ತಲೆಯಾಡಿಸಿದ. ಮೇಲಿನ ಕಿಟಕಿಯ ಕಡೆ ಒಮ್ಮೆ ನೋಡಿದ. ಟೆಸ್ಟಿನಿಂದ ಬಂದವರ ಆ ಮುಖವನ್ನು ನಾನು ಚಿಕ್ಕಂದಿನಿಂದ ನಮ್ಮನೆ ಜಗಲಿಯಲ್ಲಿ ನೋಡಿ ಬೆಳೆದವಳು. ಬಾಯಿಗೆ ಮಾತು ತಾನಾಗಿ ಬಂತು.

"ಇನ್ನೊಂದ್ಸಲ ಬರ್ಬೇಕಾಗುತ್ತೆ, ಅಷ್ಟೇ."

ಅವನ ಕೈ ಚಿಲಕದ ಮೇಲೆಯೇ ನಿಂತಿತು.

"ಇದನ್ನ ಊರಿಗೆಲ್ಲ ಹೇಳ್ದೆ," ಎಂದ. "ನಿಂಗೆ ಹೇಳ್ಲಿಲ್ಲ."

"ಇಲ್ಲ."

"ಅವತ್ತು ಫೇಲಾದೋನು ನಾನು ಅನ್ನಿಸ್ತು. ಅದಕ್ಕೆ ಬಾಯೇ ಬರ್ಲಿಲ್ಲ."

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಮ್ಮ ಕಿವಿಗೊಟ್ಟಿದ್ದಾಳೆ ಎಂದು ಇಬ್ಬರಿಗೂ ಗೊತ್ತಾಯಿತು.

"ಆ ಕೊಳ ತೆಗೆದ್ಮೇಲೆ ಹೇಳು, ಹೋಗೋಣ," ಎಂದ ಅಪ್ಪ. "ದಾರಿ ನೀನೇ ತೋರಿಸು."

ನನ್ನ ಚೀಲವನ್ನೂ ಎತ್ತಿಕೊಂಡು ಗೇಟು ದಾಟಿದ. ಬಾಗಿಲ ಕಡೆ ತಿರುಗುವ ಮುಂಚೆ ಖಾಲಿಯಿದ್ದ ಅವನ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಂಡಿತು. ನಾನು ಹಿಂದೆ ನಿಂತು, ಅವನು ತಿರುಗುವವರೆಗೆ ಕಾದೆ.