ಹಾಡಿಗೆ ಮುಂಚಿನ ಒಂಬತ್ತು ಸೆಕೆಂಡು

ಬೆಳಗ್ಗೆ ಅಲಾರಂ ಹೊಡೆದು ಎದ್ದು ಕೂತ ಮೇಲೆ, ಇವತ್ತೂ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ನೆನಪಾಗುತ್ತಿದ್ದ ದಿನಗಳು ಅವು. 2020ರ ವಸಂತ. ಆ ವರ್ಷ ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಜಾರ್ಜಿಯಾದ ಕಮ್ಮಿಂಗ್‌ನಲ್ಲಿ, ನಮ್ಮ ಬೀದಿಯ ತಿರುವಿನಲ್ಲಿ ಹಳದಿ ಸ್ಕೂಲ್ ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಪೈನ್ ಮರಗಳ ಪರಾಗದ ಪುಡಿ ಉದುರಿ ಅರಿಶಿನ ಚೆಲ್ಲಿದ ಹಾಗೆ ಕೂತಿತ್ತು. ಅದರ ಮೇಲೆ ಒಂದೂ ಹೆಜ್ಜೆ ಗುರುತಿರಲಿಲ್ಲ. ನನಗೆ ಹದಿನಾಲ್ಕು ವರ್ಷ.

ನಾನು ಹುಟ್ಟಿದ್ದು ಈ ದೇಶದಲ್ಲೇ. ಅಪ್ಪ ಆಗಲೇ ಇಲ್ಲಿನ ಪೌರತ್ವ ಪಡೆದಿದ್ದರು. ಆದರೆ ನಾನು ಒಂದು ವರ್ಷದ ಮಗುವಾಗಿದ್ದಾಗ ಎಲ್ಲರೂ ಮೈಸೂರಿಗೆ ವಾಪಸ್ಸಾಗಿ, ನಾನು ಸರಸ್ವತಿಪುರಂನಲ್ಲಿ ಅಜ್ಜಿಯ ಕೈಯೂಟ ತಿಂದು, ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಹನ್ನೆರಡಕ್ಕೆ ಮತ್ತೆ ಇಲ್ಲಿಗೆ ಬಂದವಳು. ಎದುರು ಮನೆಯ ಅನಘಾ ನನ್ನದೇ ವಯಸ್ಸಿನವಳು. ಅವಳು ಹುಟ್ಟಿದ್ದು ಮೈಸೂರಿನಲ್ಲಿ, ಎಂಟು ತಿಂಗಳ ಕೂಸಾಗಿದ್ದಾಗ ಇಲ್ಲಿಗೆ ಬಂದಿದ್ದಳು. ಬೇರೆ ಊರನ್ನೇ ಕಂಡವಳಲ್ಲ. ಅವಳ ಅಪ್ಪ ಮುರಳಿ ಅಂಕಲ್ ಕೆಲಸದ ವೀಸಾದಲ್ಲಿದ್ದು, ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದರು. ಅವರ ವೀಸಾ ಇರುವ ತನಕ ಅನಘಾಳ ವೀಸಾ. ಕಾಗದದ ಪ್ರಕಾರ ನಾನು ಇಲ್ಲಿಯವಳು, ಅವಳು ಅಲ್ಲಿಯವಳು.

"ನೀನು ಅಮೆರಿಕನ್, ನಾನು ಮೈಸೂರ್. ಸೋ ಫನ್ನಿ," ಅನ್ನುತ್ತಿದ್ದಳು. ನನಗೂ ನಗು ಬರುತ್ತಿತ್ತು.

ಬ್ಯಾಂಡ್ ಹುಟ್ಟಿದ್ದು ನಮ್ಮ ಮನೆಯ ಗ್ಯಾರೇಜಿನಲ್ಲಿ, ಮಾಡಲು ಬೇರೆ ಏನೂ ಕೆಲಸವಿಲ್ಲದೆ. ಅನಘಾಳ ಹತ್ತಿರ ಗಿಟಾರಿತ್ತು. ಮೂರು ಮನೆ ಆಚೆ ಇದ್ದ ಸಿದ್ದುವಿನ ಹತ್ತಿರ ಡ್ರಮ್ಸ್. ನನ್ನ ಹತ್ತಿರ ಗಂಟಲು, ಮತ್ತೆ ಕನ್ನಡ. ಸಿದ್ದುವಿನ ಅಮ್ಮ ಸಾವಿತ್ರಿ ಆಂಟಿ ಹುಬ್ಬಳ್ಳಿಯವರು, ಆಸ್ಪತ್ರೆಯಲ್ಲಿ ಡಾಕ್ಟರು. ಮಗನಿಗೆ ಸೋಂಕು ತಗಲಬಾರದೆಂದು ಎರಡು ತಿಂಗಳು ಬೇಸ್‌ಮೆಂಟಿನಲ್ಲೇ ಮಲಗಿದರು. ಮೂಗಿನ ಮೇಲೆ ಮಾಸ್ಕಿನ ಗೆರೆ ಹುಣ್ಣಾಗಿ, ಮೈಯೆಲ್ಲ ಸ್ಯಾನಿಟೈಸರ್ ವಾಸನೆ ಹೊತ್ತು ಬರುತ್ತಿದ್ದರು. ಅವರೇ ಬಂದು ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದುಕೊಟ್ಟದ್ದು. ಸಿದ್ದುವಿನದು ಗ್ಯಾರೇಜಿನ ಎಡ ಮೂಲೆಗೆ, ಅನಘಾಳದು ಒಳಗೆ ಗೊಬ್ಬರದ ಚೀಲಗಳ ಪಕ್ಕಕ್ಕೆ, ನನ್ನದು ಹೊರಗೆ, ಬಿಸಿಲಿಗೆ.

"ನೀ ರಸ್ತೆ ಕಡೆ ಮಾರಿ ಮಾಡಿ ಹಾಡವಾ. ಉಗುಳು ಹಾರತೈತಿ," ಅಂದಿದ್ದರು ಆಂಟಿ.

ಹಾಗಾಗಿ ನಾನು ಎಲ್ಲರಿಗಿಂತ ಮುಂದೆ, ಮುಖ ಬೀದಿಗೆ. ಅನಘಾ ಎಲ್ಲರಿಗಿಂತ ಹಿಂದೆ, ನೆರಳಿನಲ್ಲಿ. ಮುಂದೆ ಆದದ್ದಕ್ಕೆಲ್ಲ ಆ ಸುಣ್ಣದ ವೃತ್ತವೇ ಕಾರಣ ಎಂದು ಹೇಳಿಕೊಂಡು ಬಚಾವಾಗಲು ನಾನು ಎಷ್ಟೋ ಸಲ ನೋಡಿದ್ದೇನೆ.

ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಟೈರಿನ ರಬ್ಬರು ವಾಸನೆಯ ಜತೆ ಹುಳಿಯ ಒಗ್ಗರಣೆ ಘಮ್ಮೆಂದು ಬರುತ್ತಿತ್ತು. ಅಮ್ಮನ ಕರಾರು ಒಂದೇ: "ಕುಕ್ಕರ್ ಮೂರನೇ ಸಲ ಕೂಗೋ ತನಕ ಏನಾದ್ರೂ ಹೊಡ್ಕೊಳ್ಳಿ. ಆಮೇಲೆ ನನಗೆ ತಲೆನೋವು." ಹಾಗಾಗಿ ಬ್ಯಾಂಡಿನ ಹೆಸರು 'ಮೂರನೇ ವಿಸಿಲ್' ಆಯಿತು.

ನಾವು ಕಟ್ಟಿದ ಬಸ್ಸಿನ ಹಾಡಿನ ಮಾತು ನನ್ನದು. ಅದರಲ್ಲಿ ಹೆಚ್ಚೇನೂ ಇಲ್ಲ.

"ಬಸ್ಸು ಬರಲಿಲ್ಲ, ಬಸ್ಸು ಬರಲಿಲ್ಲ,
ಬ್ಯಾಗು ಬೆನ್ನಿಂದ ಇಳಿಯಲಿಲ್ಲ."

ಇದನ್ನು ಬರೆದು ತೋರಿಸಿದಾಗ ಅನಘಾಗೆ ಅರ್ಧ ಅರ್ಥವಾಯಿತು. ಉಳಿದರ್ಧ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೇಳಿಕೊಂಡು ಮನೆಗೆ ಹೋದಳು. ನಾಲ್ಕು ದಿನ ಶಟಲ್ ಆಡಲಿಕ್ಕೂ ಬರಲಿಲ್ಲ. ಐದನೆಯ ದಿನ ಬಂದು ತನ್ನ ವೃತ್ತದಲ್ಲಿ ನಿಂತು ಗಿಟಾರ್ ನುಡಿಸಿದಳು. ಮೊದಲು ಬಸ್ಸು ದೂರದಿಂದ ಬರುತ್ತಿದೆ ಅನ್ನಿಸಿತು, ಆಮೇಲೆ ಬರುವುದಿಲ್ಲ ಅಂತ ಗೊತ್ತಾಯಿತು. ಒಂದು ಪದವೂ ಇಲ್ಲದೆ ಅಷ್ಟು ಹೇಳಿದ್ದಳು. ಸಿದ್ದು ಕೋಲು ಕೆಳಗಿಟ್ಟು, "ಇದು ಎಲ್ಲಿಂದ ತಂದಿ?" ಅಂದ. ಅವಳು ಭುಜ ಕುಣಿಸಿದಳು.

ಅಭ್ಯಾಸದಲ್ಲಿ ಅವಳು ಬಲು ಜೋರು. ನಾನು ಅರ್ಧ ಮಾತ್ರೆ ಬೇಗ ಎತ್ತಿಕೊಂಡರೂ ನಿಲ್ಲಿಸಿ, "ನೋ. ಎಗೇನ್," ಅನ್ನುತ್ತಿದ್ದಳು.

"ಏನೇ ನಿಂದು, ಗಂಟಲು ಹರ್ಕೋಬೇಕಾ ನಾನು?"

"ಹರ್ಕೋ. ಎಗೇನ್."

ಆನ್‌ಲೈನ್ ಕ್ಲಾಸಿನಲ್ಲಿ ದಿನಕ್ಕೆ ಆರು ಸಲ ಹಾಜರಿ ಹೇಳಿ ಹೇಳಿ ಅವಳಿಗೆ ಅದೇ ಚಾಳಿಯಾಗಿತ್ತು. ರೆಕಾರ್ಡಿಂಗ್ ಒತ್ತಿದ ಕೂಡಲೇ, "ಪ್ರೆಸೆಂಟ್. ಅನಘಾ ಮುರಳೀಧರ್," ಎಂದು ಹೆಸರು ಹೇಳಿಯೇ ಶುರುಮಾಡುವಳು. ಕಸದ ಡಬ್ಬಿಯ ಮೇಲೆ ಫೋನ್ ಒರಗಿಸಿಟ್ಟು ನಾವು ಬಸ್ಸಿನ ಹಾಡನ್ನು ವಿಡಿಯೊದಲ್ಲಿ ಹಿಡಿದೆವು. ಆರನೆಯ ಸಲ ಸರಿಯಾಗಿ ಬಂತು. ಕೊನೆಯ ಸಾಲು ಮುಗಿಯುವುದಕ್ಕೂ ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸಲ ಕೂಗುವುದಕ್ಕೂ ಸರಿಹೋಯಿತು. ಮೊದಲಿನ ಒಂಬತ್ತು ಸೆಕೆಂಡು ಮಾತನ್ನು ಕತ್ತರಿಸಿ ಕನ್ನಡ ಸಂಘದ ಗ್ರೂಪಿಗೆ ಹಾಕಿದವಳು ನಾನೇ. ಆಗ ಅದರಲ್ಲಿ ಕಪಟವೇನೂ ಇರಲಿಲ್ಲ, ಹಾಡು ಬೇಗ ಶುರುವಾಗಲಿ ಅಂತ ಅಷ್ಟೇ.

ಆ ವಿಡಿಯೊ ಅಟ್ಲಾಂಟಾ ದಾಟಿ, ಬೆಂಗಳೂರು ಮುಟ್ಟಿ, ಅಲ್ಲಿಂದ ಮತ್ತೆ ನಮ್ಮಜ್ಜಿಯ ಫೋನಿಗೆ ಬಂತು. ಯಾರ್ಯಾರೋ ಮನೆಯ ಮಕ್ಕಳು ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು ಅದನ್ನು ಹಾಡಿ ಕಳಿಸಿದರು. ಆಸ್ಪತ್ರೆಯ ಮಂಚದ ಮೇಲಿನ ತಾತನೊಬ್ಬರು ಕೇಳುತ್ತಿದ್ದ ಚಿತ್ರವನ್ನು ಅವರ ಮೊಮ್ಮಗಳು ಕಳಿಸಿದ್ದಳು. ವಾರದ ಮೇಲೆ ಅವರು ಹೋದರೆಂದು ಬರೆದಳು. ಅವತ್ತು ಮೂವರೂ ಅಭ್ಯಾಸ ಮಾಡದೆ ಸುಮ್ಮನೆ ವೃತ್ತಗಳಲ್ಲಿ ಕೂತಿದ್ದೆವು.

ಮರುವರ್ಷ ಬೆಂಗಳೂರಿನ ಆಡಿಯೊ ಕಂಪನಿಯೊಂದು ಹಾಡನ್ನು ಬಿಡುಗಡೆ ಮಾಡುತ್ತೇವೆಂದು ಬರೆಯಿತು. ಒಂದು ಫಾರಂ ಕಳಿಸಿತು: ಸಾಹಿತ್ಯ ಯಾರದು, ಸಂಗೀತ ಯಾರದು. ಆ ಭಾನುವಾರ ಮುರಳಿ ಅಂಕಲ್ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ.

"ಸರ್, ದಯವಿಟ್ಟು ಅನಘಾ ಹೆಸರು ಹಾಕ್ಬೇಡಿ," ಅಂದರು ಅಪ್ಪನಿಗೆ. "ಅವಳ ವೀಸಾದಲ್ಲಿ ವರ್ಕ್ ಮಾಡೋ ಹಾಗಿಲ್ಲ. ನಾಳೆ ಯಾರಾದ್ರೂ ಇದೇ ವರ್ಕ್ ಅಂತ ಹೇಳಿದ್ರೆ? ಇಷ್ಟು ವರ್ಷ ಕಾದಿದ್ದೀನಿ ನಾನು."

"ಹಾಡು ಕಟ್ಟಿದ್ದಕ್ಕೆ ಏನಾಗುತ್ತೆ ಮುರಳಿ? ಲಾಯರ್‌ನ ಒಂದ್ಮಾತು ಕೇಳಿ."

"ಕೇಳಿದ್ರೆ ಫೈಲಲ್ಲಿ ಬರುತ್ತೇನೋ ಅಂತ ಭಯ ಸರ್." ಆಮೇಲೆ ನನ್ನ ಕಡೆ ತಿರುಗಿದರು. "ಮೇಘನಾ, ಎರಡೂ ಕಡೆ ನಿನ್ನ ಹೆಸರೇ ಹಾಕ್ಬಿಡಮ್ಮ."

ಅನಘಾ ಸೋಫಾದ ತುದಿಯಲ್ಲಿ ಕೂತು ಬೆರಳ ತುದಿಯ ಜಡ್ಡು ಕೀಳುತ್ತಿದ್ದಳು. "ಹಾಕು. ಇಟ್ಸ್ ಜಸ್ಟ್ ಎ ನೇಮ್," ಅಂದಳು, ನನ್ನ ಮುಖ ನೋಡದೆ.

ಹಾಕಿದೆ. ಹೆಸರು ಬರೆದರೆ ನಿಜವಾಗಿ ಏನಾದರೂ ಆಗುತ್ತಿತ್ತೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ಯಾರೂ ಯಾರನ್ನೂ ಕೇಳಲಿಲ್ಲ. ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ: ಬೇಜಾರಿನ ಮುಖ ಮಾಡಿಕೊಂಡು ಸಹಿ ಹಾಕಿದೆ, ಒಳಗೊಳಗೇ ಖುಷಿಯಾಗಿತ್ತು.

ಮೊದಲ ದೊಡ್ಡ ಕಾರ್ಯಕ್ರಮ ರಾಲಿ ನಗರದಲ್ಲಿ. ಅದು ದುಡ್ಡಿಲ್ಲದ ಕಾರ್ಯಕ್ರಮವಾದ್ದರಿಂದ ಅನಘಾ ಹಿಂದೆ ನಿಂತು ನುಡಿಸಿದಳು, ಟೋಪಿಯನ್ನು ಹಣೆಯ ತನಕ ಎಳೆದುಕೊಂಡು. ವಾಷಿಂಗ್ಟನ್ನಿನದು ಸಂಭಾವನೆ ಕೊಡುವ ಕಾರ್ಯಕ್ರಮ. ಅವಳು ವೇದಿಕೆ ಹತ್ತುವುದೇ ಬೇಡವೆಂದರು ಮುರಳಿ ಅಂಕಲ್. ಸಂಘಟಕರು ಮೇರಿಲ್ಯಾಂಡಿನ ಗಿಟಾರಿಸ್ಟ್ ಒಬ್ಬನನ್ನು ಗೊತ್ತುಮಾಡಿದರು. ಎರಡು ವಾರ ವಿಡಿಯೊ ಕಾಲ್‌ನಲ್ಲಿ ಅವನಿಗೆ ತನ್ನ ಬೆರಳಾಟವನ್ನೆಲ್ಲ ಕಲಿಸಿಕೊಟ್ಟವಳು ಅನಘಾಳೇ. "ನೋ. ಎಗೇನ್," ಎಂದು ಅವನಿಗೂ ಹೇಳುತ್ತಿದ್ದಳು.

ಆ ಸಭಾಂಗಣದಲ್ಲಿ ಜನ ಎದ್ದು ನಿಂತು ನಮ್ಮ ಜತೆ ಹಾಡಿದರು. ಅನಘಾ ಪಕ್ಕದ ಪರದೆಯ ಹತ್ತಿರ ನನ್ನ ಸ್ವೆಟರು, ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದಳು. ಇಳಿದು ಬರುವಷ್ಟರಲ್ಲಿ ಯಾರೋ ಒಬ್ಬರು ಮೈಕು ಹಿಡಿದು, "ಈ ಟ್ಯೂನ್ ಹೇಗೆ ಹೊಳೀತಮ್ಮ ನಿನಗೆ?" ಎಂದು ಕೇಳಿದರು.

"ಗ್ಯಾರೇಜಲ್ಲಿ ಒಬ್ಬಳೇ ಕೂತಿದ್ದೆ. ಹಾಗೇ ಬಂತು," ಅಂದೆ.

ಅನಘಾ ಮೂರು ಮೊಳ ದೂರದಲ್ಲಿದ್ದಳು. 'ನಾವೆಲ್ಲ ಸೇರಿ ಮಾಡಿದ್ವಿ' ಅಂದಿದ್ದರೂ ಸಾಕಿತ್ತು, ಯಾರ ವೀಸಾಕ್ಕೂ ಏನೂ ಆಗುತ್ತಿರಲಿಲ್ಲ. ಒಬ್ಬಳೇ ಅನ್ನುವ ಮಾತನ್ನು ಯಾರೂ ನನ್ನ ಬಾಯಿಗೆ ತುರುಕಿರಲಿಲ್ಲ. ಅವಳು ಸ್ವೆಟರು ಕೊಟ್ಟಳು. ಕಮ್ಮಿಂಗ್ ತಲುಪುವ ತನಕ ಕಾರಿನಲ್ಲಿ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿಲ್ಲವೆಂದು ನನಗೆ ಗೊತ್ತಿತ್ತು.

ಅದಾದ ಕೆಲವೇ ತಿಂಗಳಿಗೆ ಮುರಳಿ ಅಂಕಲ್ ಕೆಲಸ ಹೋಯಿತು. ಆ ಚಳಿಗಾಲ ನಮ್ಮ ಬೀದಿಯಲ್ಲಿ ಕೆಲಸ ಕಳೆದುಕೊಂಡವರು ಅವರೊಬ್ಬರೇ ಅಲ್ಲ. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ಸಿಗಲಿಲ್ಲ. ಯಾವ ಸರದಿಗಾಗಿ ಮಗಳ ಹೆಸರು ಅಳಿಸಿದ್ದರೋ ಆ ಸರದಿಯೇ ಹೋಯಿತು. ಅವರ ಗ್ಯಾರೇಜಿನ ಮುಂದೆ ಸೋಫಾ, ಸೈಕಲ್ಲು, ದೋಸೆಹಿಟ್ಟಿನ ಗ್ರೈಂಡರು ಎಲ್ಲ ಸಾಲಾಗಿ ಮಾರಾಟಕ್ಕೆ ಕೂತವು. ಅನಘಾ ಗಿಟಾರನ್ನು ಮಾತ್ರ ಬಿಡಲಿಲ್ಲ.

ಹೊರಡುವ ದಿನ ಬೆಳಗ್ಗೆ ನಮ್ಮ ಡ್ರೈವ್‌ವೇಗೆ ಬಂದಳು. ಮತ್ತೆ ವಸಂತ, ಮತ್ತೆ ಎಲ್ಲೆಲ್ಲೂ ಹಳದಿ ಪುಡಿ.

"ಮೇಘೂ, ನಾನು ಅಲ್ಲಿ ಹೋದ್ಮೇಲೆ ನನ್ನ ಹೆಸರು ಹಾಕ್ತೀಯಾ? ಈಗ ವೀಸಾ ಇಲ್ಲ. ನೋ ಪ್ರಾಬ್ಲಂ."

"ಹಾಕ್ತೀನಿ ಕಣೇ. ಮೊದಲು ಅದೇ ಕೆಲಸ."

"ಪ್ರಾಮಿಸ್?"

"ಪ್ರಾಮಿಸ್."

ನಾನು ಹಾಕಲಿಲ್ಲ. ಆ ವರ್ಷವೇ ಕಾಲೇಜಿಗೆ ಅಪ್ಲೈ ಮಾಡುವುದಿತ್ತು. ಸಾಗರದಾಚೆ ಹೆಸರು ಮಾಡಿದ ಹಾಡಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಒಬ್ಬಳೇ ಸಂಗೀತ ಕಟ್ಟಿದೆ ಎಂದು ಪ್ರಬಂಧ ಬರೆದೆ. ಸೀಟು ಸಿಕ್ಕಿತು. ಆಮೇಲೆ ಹೆಸರು ಬದಲಾಯಿಸಿದರೆ ಸುಳ್ಳು ಸಿಕ್ಕಿಬೀಳುತ್ತದೆ. ಮುಂದಿನ ತಿಂಗಳು ಹಾಕೋಣ ಎಂದುಕೊಂಡೆ. ಮುಂದಿನ ತಿಂಗಳುಗಳು ಬಂದು ಹೋದವು.

ಒಂದು ದಿನ ಮೈಸೂರಿನಿಂದ ಅವಳ ಫೋನ್ ಬಂತು. ಕಾಲೇಜಿನ ಸ್ಪರ್ಧೆಯಲ್ಲಿ ಬಸ್ಸಿನ ಹಾಡು ನುಡಿಸಿ, ಇದು ನನ್ನದೇ ಹಾಡು ಅಂದಳಂತೆ, ತನ್ನ ಅರೆಬರೆ ಕನ್ನಡದಲ್ಲಿ. ಇಡೀ ಹಾಲ್ ನಕ್ಕಿತಂತೆ. ತೀರ್ಪುಗಾರರೊಬ್ಬರು ಫೋನ್ ತೆಗೆದು, ಸಂಗೀತ ಮೇಘನಾ ಎಂದಿರುವುದನ್ನು ಓದಿ ಹೇಳಿದರಂತೆ.

"ನೀನು ಅವರಿಗೆ ಒಂದು ಮೆಸೇಜ್ ಕಳಿಸ್ತೀಯಾ?" ಅಂದಳು.

"ಈಗ ಎಕ್ಸಾಮ್ ಇದೆ ಕಣೇ. ಆಮೇಲೆ ನೋಡ್ತೀನಿ."

"ಓಕೆ," ಅಂದು ಇಟ್ಟಳು. ಆಮೇಲೆ ಅವಳಾಗಿ ಯಾವತ್ತೂ ಫೋನ್ ಮಾಡಲಿಲ್ಲ. ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟಳೆಂದು ಸಿದ್ದು ಹೇಳಿದ. ಅವನೂ ಈಗ ಡ್ರಮ್ಸ್ ಮುಟ್ಟುವುದಿಲ್ಲ. 'ಮೂರನೇ ವಿಸಿಲ್'ನ ಮುಂದಿನ ಹಾಡು ಯಾವಾಗ ಎಂದು ಜನ ಒಂದೆರಡು ವರ್ಷ ಕೇಳಿದರು. ನಾನು ಕೂತು ಕೂತು ಹನ್ನೊಂದು ಹಾಡು ಕಟ್ಟಿದೆ. ಎಲ್ಲವೂ ಬಸ್ಸಿನ ಹಾಡಿನ ಹಾಗೇ ಬಂದವು, ಬಸ್ಸು ಮಾತ್ರ ಇರಲಿಲ್ಲ. ತಪ್ಪಿದಾಗ ನಿಲ್ಲಿಸಿ ಎಗೇನ್ ಅನ್ನುವವರು ಪಕ್ಕದಲ್ಲಿರಲಿಲ್ಲ. ನಾನು ಕಳೆದುಕೊಂಡಿದ್ದು ಏನು ಅಂತ ಕೇಳಿದರೆ ಅದನ್ನೇ ಹೇಳುತ್ತೇನೆ. ಅವಳು ಕಳೆದುಕೊಂಡಿದ್ದನ್ನು ಹೇಳುವ ಬಾಯಿ ನನ್ನದಲ್ಲ.

ಕಳೆದ ತಿಂಗಳು ಹಳೆಯ ಫೋನಿನಲ್ಲಿ ಆರನೆಯ ರೆಕಾರ್ಡಿಂಗ್ ಇಡಿಯಾಗಿ ಸಿಕ್ಕಿತು. ಕತ್ತರಿಸಿದ ಒಂಬತ್ತು ಸೆಕೆಂಡಿನಲ್ಲಿ ಏನಿತ್ತೆಂದು ನಾನು ಮರೆತೇಬಿಟ್ಟಿದ್ದೆ.

"ಪ್ರೆಸೆಂಟ್. ಅನಘಾ ಮುರಳೀಧರ್. ಮೈ ಸಾಂಗ್, ಓಕೆ?"

"ಹೂಂ ಕಣೇ, ನಿಂದೇ ಹಾಡು. ಶುರು ಮಾಡು."

ಎರಡನೆಯ ದನಿ ನನ್ನದು. ಆಡಿಯೊ ಕಂಪನಿಗೆ ಬರೆದು ಸಂಗೀತದ ಕಡೆ ಹೆಸರು ಬದಲಿಸಲು ಹೇಳಿದ್ದೇನೆ, ಉತ್ತರ ಬಂದಿಲ್ಲ. ನನ್ನ ಕಾಲೇಜಿಗೂ ಆ ಪ್ರಬಂಧದ ಬಗ್ಗೆ ಬರೆದಿದ್ದೇನೆ, ಏನಾಗುತ್ತದೋ ಆಗಲಿ. ಆ ರೆಕಾರ್ಡಿಂಗನ್ನು ಅನಘಾಗೆ ಕಳಿಸಿದೆ. ನೋಡಿದ್ದಾಳೆಂದು ಗುರುತು ಬಂತು, ಮಾತಿಲ್ಲ. ಹೋದ ವಾರ ಹಾಡನ್ನು ಮೊದಲಿಂದ, ಏನೂ ಕತ್ತರಿಸದೆ, ಮತ್ತೆ ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ಜನ ಪ್ರೀತಿಯಿಂದ ಬಂದರು, ಹಳೆಯ ದಿನಗಳನ್ನೆಲ್ಲ ನೆನೆದರು. ಎಲ್ಲಕ್ಕಿಂತ ಹೆಚ್ಚು ಮಂದಿ ಮೆಚ್ಚಿದ ಕಾಮೆಂಟು ಮೇಲುಗಡೆಯೇ ಇದೆ, ದಿನವೂ ಓದುತ್ತೇನೆ: "ಹಾಡು ಶುರುವಾಗೋದು ಒಂಬತ್ತನೇ ಸೆಕೆಂಡಿಂದ. ಅದಕ್ಕೆ ಮುಂಚೆ ಏನೂ ಇಲ್ಲ, ಬಿಟ್ಟು ಮುಂದೆ ಹೋಗಿ."