ಮೊದಲು ಸೀಟು, ಆಮೇಲೆ ನಮಸ್ಕಾರ

ಒಂದೂ ಫೌಲ್ ಮಾಡದೆ ಆಟ ಮುಗಿಸಿ, ಅದನ್ನೇ ದೊಡ್ಡ ಸಾಧನೆ ಅಂತ ಹೇಳಿಕೊಂಡು ಬರುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಲ್ಯಾಣ ನಗರದಲ್ಲಿ ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡಲು ಶುರುಮಾಡಿದೆ. ಮೊದಲ ವಾರವೇ ಒಬ್ಬಳು ಚೆಂಡಿಗೆ ಕೈ ಹಾಕಿದವಳು, ಎದುರಿನವಳ ಬೆರಳು ತಾಗಿತೆಂದು "ಸಾರಿ" ಅಂದು ಕೈ ಹಿಂದಕ್ಕೆಳೆದುಕೊಂಡಳು. ಎದುರಿನವಳು "ಪರವಾಗಿಲ್ಲ" ಅಂದು ತಾನೂ ಕೈಬಿಟ್ಟಳು. ಚೆಂಡು ಇಬ್ಬರನ್ನೂ ಕೇಳದೆ ಗೆರೆ ದಾಟಿ ಉರುಳಿಹೋಯಿತು.

"ಇದೇನು ಬ್ಯಾಸ್ಕೆಟ್‌ಬಾಲೋ, ಹೆಣ್ಣು ನೋಡೋ ಶಾಸ್ತ್ರಾನೋ?" ಅಂತ ಕೂಗಿಬಿಟ್ಟೆ. ಬೇಲಿಯಾಚೆ ನಿಂತಿದ್ದ ಅಪ್ಪ ಒಬ್ಬರು ಮೆಲ್ಲಗೆ ಹೇಳಿದರು: "ಮೇಡಂ, ಇವು ಒಳ್ಳೆ ಮಕ್ಕಳು. ಹಂಗೆಲ್ಲ ನುಗ್ಗಲ್ಲ."

ಒಳ್ಳೆಯ ಮಕ್ಕಳಂತೆ! ನಾನೂ ಒಳ್ಳೆಯ ಮಗುವೇ ಆಗಿದ್ದೆ ಸ್ವಾಮಿ. ಆ ಒಳ್ಳೆಯತನ ನನ್ನ ಆಟವನ್ನು ಅಟ್ಟ ಹತ್ತಿಸುವುದೊಂದು ಬಾಕಿ ಇತ್ತು.

ತೊಂಬತ್ತರ ದಶಕದ ಮಾತು. ಅಪ್ಪ ಕಾರ್ಖಾನೆಯ ಕೆಲಸದಲ್ಲಿದ್ದರು, ನಾವು ಕೆ.ಆರ್. ಪುರದ ಕಡೆಯ ಕ್ವಾರ್ಟರ್ಸ್‌ನಲ್ಲಿದ್ದೆವು. ನಾನು ನಮ್ಮ ಸಾಲಿನ ಹುಡುಗಿಯರಲ್ಲೆಲ್ಲ ಉದ್ದ. ತೆಂಗಿನ ಗರಿ ಕೆಳಗೆಳೆಯಬೇಕಾದರೂ ನನ್ನನ್ನೇ ಕರೆಯುತ್ತಿದ್ದರು. ಕಾಲೇಜು ಮುಗಿಸಿ ಸಂಜೆ ಹಲಸೂರಿನ ಒಂದು ಕ್ಲಬ್ಬಿಗೆ ಆಡಲು ಹೋಗುತ್ತಿದ್ದೆ. ನನಗಿದ್ದ ಆಸೆ ಒಂದೇ: ರಾಜ್ಯದ ಜೂನಿಯರ್ ತಂಡದ ಬನಿಯನ್ ಹಾಕಿಕೊಳ್ಳಬೇಕು. ಊಟ ಮಾಡುವಾಗ, ಹಲ್ಲುಜ್ಜುವಾಗ, ಕೆಮಿಸ್ಟ್ರಿ ಲ್ಯಾಬಿನಲ್ಲಿ, ಎಲ್ಲಿದ್ದರೂ ಅದೇ ಧ್ಯಾನ. ವಯಸ್ಸಿನ ಲೆಕ್ಕದಲ್ಲಿ ನನಗೆ ಅದೇ ಕೊನೆಯ ವರ್ಷ. ಅಪ್ಪನ ಲೆಕ್ಕದಲ್ಲೂ ಅದೇ ಕೊನೆಯದು.

"ಈ ಸಲ ಸೆಲೆಕ್ಟ್ ಆದ್ರೆ ಆಡ್ಕೋ, ನಾನು ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಬಾಲು ಅಟ್ಟಕ್ಕೆ, ನೀನು ಪುಸ್ತಕಕ್ಕೆ" ಅಂದಿದ್ದರು ಅಪ್ಪ. ಬಾಯಿಮಾತಿಗೆ ಹೇಳುವ ಮನುಷ್ಯನಲ್ಲ ಅವರು. ಅಟ್ಟದ ಮೇಲೆ ಆಗಲೇ ಅಣ್ಣನ ಕೇರಂ ಬೋರ್ಡು ಧೂಳು ತಿನ್ನುತ್ತಿತ್ತು.

ಆಟ ನನಗೆ ಬರುತ್ತಿತ್ತು. ಎತ್ತರವಿತ್ತು, ಕೈ ಚುರುಕಿತ್ತು, ಗುರಿ ತಪ್ಪುತ್ತಿರಲಿಲ್ಲ. ಬಾಧೆಯಿದ್ದದ್ದು ಕಾಲಿನಲ್ಲಿ. ನಮ್ಮ ಮನೆಯಲ್ಲಿ ಕಾಲು ಯಾರಿಗೆ ತಾಗಿದರೂ ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲರ ಮನೆಯಲ್ಲೂ ಅದು ಇದ್ದದ್ದೇ, ನಮ್ಮಮ್ಮನದು ಮಾತ್ರ ಒಂದು ಕೈ ಮೇಲು. ಪುಸ್ತಕಕ್ಕೆ ತಾಗಿದರೆ ಸರಿ, ಮನುಷ್ಯರಿಗೆ ತಾಗಿದರೂ ಸರಿ, ಕಸಪೊರಕೆಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳಬೇಕು. ಪಕ್ಕದ ಮನೆ ಬೆಕ್ಕನ್ನು ನಾನು ಒಮ್ಮೆ ತುಳಿದು, ಅದನ್ನು ಮುಟ್ಟಿ ನಮಸ್ಕಾರ ಮಾಡಲು ಕಾಂಪೌಂಡೆಲ್ಲ ಅಟ್ಟಿಸಿಕೊಂಡು ಹೋದದ್ದಿದೆ. ಆ ಅಭ್ಯಾಸ ಕೈಗೆ ಎಷ್ಟು ಹತ್ತಿತ್ತೆಂದರೆ, ತಲೆಗೆ ಗೊತ್ತಾಗುವ ಮೊದಲೇ ಕೈ ಕೆಳಗೆ ಹೋಗಿರುತ್ತಿತ್ತು.

ಬ್ಯಾಸ್ಕೆಟ್‌ಬಾಲಿನಲ್ಲಿ ಬುಟ್ಟಿಯ ಕೆಳಗೆ ಆಡುವವರ ಕಾಲು ಕಾಲಿಗೆ ತಾಗದೆ ಇರುತ್ತದೆಯೇ? ಒಂದು ಸಂಜೆ ಹಲಗೆಗೆ ಬಡಿದು ವಾಪಸ್ಸು ಬಂದ ಚೆಂಡನ್ನು ಎಗರಿ ಹಿಡಿದೆ. ಇಳಿಯುವಾಗ ನನ್ನ ಶೂ ಇನ್ನೊಬ್ಬ ಹುಡುಗಿಯ ಪಾದಕ್ಕೆ ತಾಗಿತು. ಅಷ್ಟೇ! ಚೆಂಡನ್ನು ಒಂದು ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ, ಅವಳ ಶೂ ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಅವಳು ಆ ಕಂಕುಳಿಂದ ಚೆಂಡನ್ನು ಆರಾಮಾಗಿ ತೆಗೆದುಕೊಂಡು ಬುಟ್ಟಿಗೆ ಹಾಕಿದಳು.

"ಥ್ಯಾಂಕ್ಸ್ ಮಗಾ! ದಿನಾ ಹಿಂಗೇ ಬಂದು ಆಶೀರ್ವಾದ ತಗೋ" ಅಂದಳು. ಕೋರ್ಟಿಗೆ ಕೋರ್ಟೇ ಬಿದ್ದು ಬಿದ್ದು ನಕ್ಕಿತು.

ಇವಳು ಪುಲಿಕೇಶಿನಗರದವಳು. ನನಗಿಂತ ಒಂದು ವರ್ಷ ಚಿಕ್ಕವಳು, ನನ್ನಷ್ಟೇ ಎತ್ತರ, ನಾನು ಆಡುವ ಜಾಗದಲ್ಲೇ ಆಡುವವಳು. ಮೊಣಕೈ ಅಗಲಿಸಿ ನುಗ್ಗಿದಳೆಂದರೆ ಮುಂದೆ ಯಾರಿದ್ದಾರೆ ಅಂತ ನೋಡುತ್ತಿರಲಿಲ್ಲ. ಬಿದ್ದರೆ ನಗುತ್ತಿದ್ದಳು, ಬೀಳಿಸಿದರೂ ನಗುತ್ತಿದ್ದಳು, ಆಟ ಮುಗಿದ ಮೇಲೆ ತನ್ನ ಮನೆ ಹತ್ತಿರದ ಮಾಸ್ಕ್ ರೋಡಿನಿಂದ ಕಟ್ಟಿಸಿಕೊಂಡು ಬಂದ ಸಮೋಸವನ್ನು ಮುರಿದು ನನ್ನ ಬಾಯಿಗೆ ತುರುಕುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

ಸಿಟ್ಟೆಲ್ಲ ಬರುತ್ತಿದ್ದದ್ದು ನಮ್ಮ ಕೋಚಿಗೆ. ಹಲಸೂರಿನಲ್ಲೇ ಹುಟ್ಟಿ ಬೆಳೆದ ಹೆಂಗಸು, ಮನೆಯಲ್ಲಿ ತಮಿಳು, ಕೋರ್ಟಿನಲ್ಲಿ ಕನ್ನಡ, ಬೈಗುಳದಲ್ಲಿ ಎಲ್ಲ ಭಾಷೆ. ನಾವು ಅವರನ್ನು ಮಿಸ್ ಅನ್ನುತ್ತಿದ್ದೆವು.

"ಏನಮ್ಮಾ ಇದು? ಐದನೇ ಫೌಲಿಗೆ ತಾನೇ ಆಚೆ ಕಳ್ಸೋದು? ನಾಲ್ಕು ನಿಂದೇ ಅಲ್ವಾ? ಒಂದೂ ಮುಟ್ಟದೆ ಮನೆಗೆ ತಗೊಂಡ್ಹೋಗ್ತೀಯಲ್ಲ, ಉಪ್ಪಿನಕಾಯಿ ಹಾಕ್ತೀಯಾ?"

ನಾನು ತಲೆ ತಗ್ಗಿಸಿ ನಿಂತೆ. ಮನಸ್ಸಿನಲ್ಲಿ ಮಾತ್ರ, ಹೊಡೆದಾಡುವುದು ನಮ್ಮಂಥವರಿಗಲ್ಲ, ಆಟ ಅಂದರೆ ಮರ್ಯಾದೆಯಿಂದ ಆಡಬೇಕು, ಅಂತ ಹೆಮ್ಮೆಯೂ ಇತ್ತು. ಎಂಥ ಮಣ್ಣಾಂಗಟ್ಟಿ ಹೆಮ್ಮೆಯೋ!

ಟ್ರಯಲ್ಸ್‌ಗೆ ಕೆಲವೇ ದಿನ ಇರುವಾಗ ಮಿಸ್ ನನ್ನನ್ನು ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ನೋಡಿಬಿಟ್ಟರು. ಕೆ.ಆರ್. ಪುರದ ಬಸ್ಸು ಶಿವಾಜಿನಗರದಿಂದ ಹೊರಟು ಹಲಸೂರಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅದಕ್ಕೇ ನಾನು ಆಟ ಮುಗಿಸಿ ಹಿಂದಕ್ಕೆ ಶಿವಾಜಿನಗರಕ್ಕೇ ಹೋಗಿ ಹತ್ತುತ್ತಿದ್ದೆ. ಬಸ್ ಹತ್ತುವ ವಿದ್ಯೆಯನ್ನು ನನಗೆ ಧಾರೆ ಎರೆದವಳು ಅಮ್ಮ. ಕಮರ್ಷಿಯಲ್ ಸ್ಟ್ರೀಟಿನಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದರೂ ಅವಳು ಒಂದು ದಿನವೂ ನಿಂತು ಪ್ರಯಾಣ ಮಾಡಿದವಳಲ್ಲ. ಬಸ್ಸು ತಿರುಗುವಾಗಲೇ ಬಾಗಿಲು ಎಲ್ಲಿ ನಿಲ್ಲುತ್ತದೆ ಅಂತ ಅಳೆದು ಅಲ್ಲಿಗೆ ಹೋಗಿ ನಿಲ್ಲಬೇಕು. ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆಯಬೇಕು. ಇಳಿಯುವವರ ಸಂದಿಯಲ್ಲೇ ಭುಜ ಕೊಟ್ಟು ಒಳಗೆ ಸೇರಬೇಕು. ಕರ್ಚೀಫಿನ ಮೇಲೆ ಕೂತ ಮೇಲೆಯೇ ಉಸಿರು ಬಿಡಬೇಕು.

ಆ ಸಂಜೆ ನಾನು ಇದಿಷ್ಟನ್ನೂ ಮಾಡಿದೆ. ರಸೆಲ್ ಮಾರ್ಕೆಟ್ಟಿನಲ್ಲಿ ಮೀನು ಕೊಂಡು ಬರುತ್ತಿದ್ದ ಮಿಸ್ ಚೀಲ ಹಿಡಿದುಕೊಂಡೇ ನಿಂತು ಎಲ್ಲ ನೋಡಿದರು. ಮರುದಿನ ಕೋರ್ಟಿನಲ್ಲಿ ಎಲ್ಲರ ಮುಂದೆ ನನ್ನ ಕಿವಿ ಹಿಡಿದರು.

"ನಿನ್ನೆ ಬಸ್ಸಲ್ಲಿ ಒಬ್ರು ದಪ್ಪ ಯಜಮಾನ್ರು ಇದ್ರಲ್ಲ, ಅವರನ್ನ ಹೆಂಗೆ ದಾಟ್ದೆ?"

"ಸಂದಿ ಇತ್ತು ಮಿಸ್, ಹೋದೆ."

"ಅವರ ಕಾಲು ತುಳಿದೆ. ನಾನು ನೋಡ್ದೆ. ಆವಾಗ ಬಗ್ಗಿದ್ಯಾ?"

"ಇಲ್ಲ ಮಿಸ್... ಸೀಟಲ್ಲಿ ಕೂತ್ಮೇಲೆ ಮುಟ್ಟಿ ನಮಸ್ಕಾರ ಮಾಡ್ದೆ."

"ಹಾಂ!" ಮಿಸ್ ನನ್ನ ಕಿವಿ ಬಿಟ್ಟು ಚಪ್ಪಾಳೆ ತಟ್ಟಿದರು. "ಅಷ್ಟೇ ನಾನು ಕೇಳ್ತಿರೋದು! ನಮಸ್ಕಾರ ಬಿಡು ಅಂತ ಯಾರು ಹೇಳಿದ್ರು? ಮೊದ್ಲು ಸೀಟು, ಆಮೇಲೆ ನಮಸ್ಕಾರ. ಮೇಲೆ ಹೋದ ಚೆಂಡು ನಿನ್ನ ಸೀಟು ಕಣಮ್ಮಾ!"

ಸತ್ಯವಾಗಿ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು. ಜೋರಾಗಿ ಆಡುವುದೆಂದರೆ ಇನ್ನೊಬ್ಬರಿಗೆ ಹೊಡೆಯುವುದು ಅಂದುಕೊಂಡಿದ್ದೆನಲ್ಲ! ಬಸ್ಸಿನಲ್ಲಿ ನಾನು ಯಾರಿಗೂ ಹೊಡೆಯುತ್ತಿರಲಿಲ್ಲ, ಯಾರ ಮೇಲೂ ದ್ವೇಷವಿರುತ್ತಿರಲಿಲ್ಲ. ಆ ಸೀಟು ನನ್ನದು ಅನ್ನುವುದರಲ್ಲಿ ಅನುಮಾನವಿರುತ್ತಿರಲಿಲ್ಲ, ಅಷ್ಟೇ. ಚೆಂಡು ಮೇಲಿರುವಾಗ ಅದು ಯಾರದೂ ಅಲ್ಲ. ಯಾರು ಮೊದಲು ನನ್ನದು ಅಂದುಕೊಳ್ಳುತ್ತಾರೋ ಅವರದು. ದೊಡ್ಡದಾಗಿ ಏನಾದರೂ ಬೇಕು ಅನ್ನುವ ಹುಡುಗಿ ಅದನ್ನು ಬೇಕು ಅಂತ ತೋರಿಸಿಕೊಳ್ಳಲು ನಾಚಿಕೊಂಡರೆ ಹೇಗೆ?

ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಅವಳು ಮೂಗು ಮುರಿದಳು. "ನಾನು ಬಸ್ ಹತ್ತೋದನ್ನ ನಿಮ್ಮ ಮಿಸ್ಸು ಚೆಂಡಾಟಕ್ಕೆ ಹೋಲಿಸಿದ್ಳಾ? ನಾನೇನು ಜನರ ಮೇಲೆ ಬೀಳ್ತೀನಾ?" ಅಂದಳು. ಆದರೆ ಟ್ರಯಲ್ಸ್ ದಿನ ಅಪ್ಪನಿಗೆ ಶಿಫ್ಟ್ ಬಿದ್ದದ್ದರಿಂದ ಅವಳೇ ನನ್ನ ಜೊತೆ ಹೊರಟಳು.

ಟ್ರಯಲ್ಸ್ ನಮ್ಮ ಕ್ಲಬ್ಬಿನ ಸಿಮೆಂಟ್ ಕೋರ್ಟಿನಲ್ಲೇ ನಡೆಯಿತು. ಹನ್ನೆರಡು ಜನರ ತಂಡ. ಮಧ್ಯಾಹ್ನದ ಹೊತ್ತಿಗೆ ಮಿಸ್ ಬಂದು ಕಿವಿಯಲ್ಲಿ ಹೇಳಿದರು: "ಹನ್ನೊಂದು ಮುಗೀತು. ಒಂದು ಉಳಿದಿದೆ. ನೀನು, ಇಲ್ಲ ಅವಳು." ಅವಳು ಅಂದರೆ ನನ್ನ ಸಮೋಸದ ಗೆಳತಿ. ಕೊನೆಯ ಆಟಕ್ಕೆ ನಮ್ಮಿಬ್ಬರನ್ನು ಎದುರುಬದುರು ತಂಡಕ್ಕೆ ಹಾಕಿದರು.

ಶುರುವಿನಲ್ಲಿ ನಾನು ಮತ್ತೆ ಆ ಹಳೆಯ ಒಳ್ಳೆಯ ಮಗುವೇ ಆಗಿಬಿಟ್ಟೆ. ಅವಳು ನನ್ನ ತಲೆಯ ಮೇಲಿನಿಂದ ಒಂದರ ಹಿಂದೊಂದು ಚೆಂಡು ಕಿತ್ತುಕೊಂಡಳು. ಒಮ್ಮೆ ಕಾಲು ತಾಗಿತು, ಹಾಳಾದ ಕೈ ಕೆಳಗೆ ಹೋಯಿತು, ಅವಳು ಬುಟ್ಟಿಗೆ ಹಾಕಿ ಬಂದಳು. ಆಯ್ಕೆ ಮಾಡುವವರು ಅವರವರಲ್ಲೇ ಏನೋ ಮಾತಾಡಿಕೊಂಡರು. ನನ್ನ ಕಣ್ಣ ಮುಂದೆ ಅಟ್ಟದ ಕೇರಂ ಬೋರ್ಡು ಬಂದು ನಿಂತಿತು.

ಆಗ ಮೆಟ್ಟಿಲ ಮೇಲಿಂದ ಒಂದು ದನಿ ಬಂತು ನೋಡಿ! "ಏನೇ ನಿಂತಿದ್ದೀಯಾ ಗರುಡಗಂಬದ ಹಾಗೆ? ಬಸ್ಸು ಹೊರಡ್ತಾ ಇದೆ ಕಣೇ! ಸೀಟು ಹಿಡಿಯೇ!"

ಅಮ್ಮ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕರ್ಚೀಫು ಬೀಸುತ್ತಾ, ನಿಂತೇಬಿಟ್ಟಿದ್ದಾಳೆ. ಆಯ್ಕೆಯವರು ತಿರುಗಿ ನೋಡಿದರು. ಎಲ್ಲಿ ಬಸ್ಸು ಅಂತ ಅವರಿಗೇನು ಗೊತ್ತು?

ಮುಂದಿನ ಚೆಂಡು ಮೇಲೆ ಹೋದಾಗ ನಾನು ಗೆಳತಿಯ ಮುಖ ನೋಡಲೇ ಇಲ್ಲ. ಬಾಗಿಲು ಎಲ್ಲಿ ನಿಲ್ಲುತ್ತದೆ ಅಂತ ಅಳೆದು, ಭುಜ ಕೊಟ್ಟು, ಎಗರಿದೆ. ವಿಸಲ್ ಬಿತ್ತು. ಫೌಲ್! ನಾನು ಹೆದರಿ ಮಿಸ್ ಕಡೆ ತಿರುಗಿದರೆ ಅವರು ಕುಣಿಯುತ್ತಿದ್ದರು: "ಒಂದಾಯ್ತು! ಇನ್ನೂ ಮೂರಿದೆ, ಹೋಗು!" ಅಯ್ಯೋ, ಆ ಖುಷಿಯನ್ನು ಹೇಗೆ ಹೇಳಲಿ? ಫೌಲಾದರೂ ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳು ನನ್ನನ್ನು ನೋಡಿ ಹಲ್ಲು ಬಿಟ್ಟು, "ಅರೆ ವಾಹ್, ಬಂದ್ಬಿಟ್ಟೆ ನೀನು!" ಅಂದಳು. ಅಲ್ಲಿಂದ ಹಿಡಿದು ನಾವಿಬ್ಬರೂ ಆಡಿದ್ದೇ ಆಟ. ಅವಳು ಒಂದು ಕಿತ್ತುಕೊಂಡರೆ ನಾನು ಒಂದು ಕಿತ್ತುಕೊಂಡೆ. ಅವಳು ತಳ್ಳಿದಳು, ನಾನು ಜಗ್ಗಲಿಲ್ಲ. ನನಗೆ ಇನ್ನೂ ಬೇಕು ಇನ್ನೂ ಬೇಕು ಅನ್ನಿಸುತ್ತಿತ್ತು.

ಆಟ ಇನ್ನೇನು ಮುಗಿಯಿತು ಅನ್ನುವಾಗ ಯಾರದೋ ಗುರಿ ತಪ್ಪಿತು. ಚೆಂಡು ಹಲಗೆಗೆ ಬಡಿದು ಬಂತು. ಇಬ್ಬರೂ ಎಗರಿದೆವು. ನನ್ನ ಕೈಗೆ ಸಿಕ್ಕಿತು. ಇಳಿದವಳೇ ಮತ್ತೆ ಎಗರಿ ಬುಟ್ಟಿಗೆ ಹಾಕಿದೆ. ಇಬ್ಬರೂ ದಬಕ್ಕನೆ ಬಿದ್ದೆವು. ಚೆಂಡು ಒಳಗೆ! ನನ್ನ ಶೂ ಅವಳ ಮೊಣಕಾಲಿನ ಮೇಲೆ. ವಿಸಲ್ ಇಲ್ಲ. ಅವಳು ಛಂಗನೆ ಎದ್ದು ಚೆಂಡೆತ್ತಿಕೊಂಡು, ಗೆರೆಯಾಚೆಯಿಂದ ತನ್ನವರಿಗೆ ಎಸೆಯಲು ನಿಂತಳು. ನಾನೂ ಎದ್ದೆ, ಆದರೆ ಕೈ ಆಗಲೇ ಅವಳ ಕಾಲಿನ ಕಡೆ ಹೊರಟಿತ್ತು.

"ಆಮೇಲೆ ಕಣೇ! ಆಮೇಲೆ!" ಅಮ್ಮ ಕಿರುಚಿದಳು.

ಕೆಳಗೆ ಹೋಗುತ್ತಿದ್ದ ಕೈಯನ್ನು ಮೇಲೆತ್ತಿದೆ. ಅವಳು ಎಸೆದ ಚೆಂಡು ಬಂದು ಅದಕ್ಕೇ ಬಡಿಯಿತು. ಹಿಡಿದೆ, ತಿರುಗಿದೆ, ಹಾಕಿದೆ. ಆಟ ಮುಗಿದ ವಿಸಲ್ ಊದಿದರು.

ಆಮೇಲೆ ಅವಳ ಮುಂದೆ ಕೂತು, ಮೊಣಕಾಲು ಮುಟ್ಟಿ, ನಿಧಾನವಾಗಿ ಕಣ್ಣಿಗೊತ್ತಿಕೊಂಡೆ. ಸಿಮೆಂಟಿಗೆ ತರಚಿ ರಕ್ತ ಬರುತ್ತಿತ್ತು. ಅಮ್ಮ ಚಪ್ಪಲಿ ಕಳಚಿಟ್ಟು ಕೋರ್ಟಿನೊಳಗೆ ಬಂದವಳೇ "ಬಾ ಮಗಳೇ, ಕೂತ್ಕೋ" ಅಂದು, ಬಸ್ಸಿನ ಕರ್ಚೀಫನ್ನು ಅವಳ ಮೊಣಕಾಲಿಗೆ ಬಿಗಿಯಾಗಿ ಕಟ್ಟಿದಳು. ಹನ್ನೆರಡನೆಯ ಹೆಸರು ಓದಿದಾಗ ನಾವು ಮೂವರೂ ಹಾಗೇ ನೆಲದ ಮೇಲೆ ಕೂತಿದ್ದೆವು. ಅದು ನನ್ನ ಹೆಸರು. ನನಗೆ ಕಿರುಚಬೇಕು ಅನ್ನಿಸಿತು, ಅವಳ ಕಣ್ಣಲ್ಲಿ ನೀರು ನೋಡಿ ಬಾಯಿ ಮುಚ್ಚಿಕೊಂಡೆ. ಅವಳೇ ನನ್ನ ಬೆನ್ನಿಗೆ ಒಂದು ಗುದ್ದಿದಳು. "ಮುಂದಿನ ವರ್ಷ ನಾನು ಬರ್ತೀನಿ. ಅಲ್ಲಿವರ್ಗೂ ಜಾಗ ಬೆಚ್ಚಗಿಟ್ಟಿರು" ಅಂದಳು. ಆಗ ಕಿರುಚಿದೆ. ಅವಳೂ ಕಿರುಚಿದಳು.

ಸಂಜೆ ಶಿವಾಜಿನಗರಕ್ಕೆ ಬಂದಾಗ ನಾನು ಕುಂಟುತ್ತಿದ್ದೆ. ಒಂದು ಶೂವಿನ ಅಟ್ಟೆ ಬಾಯಿಬಿಟ್ಟಿದ್ದರಿಂದ ಎರಡನ್ನೂ ಕೈಯಲ್ಲಿ ಹಿಡಿದು, ಚಪ್ಪಲಿ ಹಾಕಿಕೊಂಡಿದ್ದೆ. ನಮ್ಮ ಬಸ್ಸು ತಿರುಗಿತು. ಜನ ನುಗ್ಗಿದರು. ಅಮ್ಮ ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದಳು. ಕರ್ಚೀಫು ಇಲ್ಲ, ಅದು ಗೆಳತಿಯ ಮೊಣಕಾಲಿನ ಜೊತೆ ಪುಲಿಕೇಶಿನಗರಕ್ಕೆ ಹೋಗಿತ್ತು.

ಅಮ್ಮ ಒಂದು ಗಳಿಗೆ ನನ್ನ ಕಾಲನ್ನು ನೋಡಿದಳು, ಒಂದು ಗಳಿಗೆ ಕಿಟಕಿಯನ್ನು ನೋಡಿದಳು. ನನ್ನ ಕೈಯಿಂದ ಆ ಹರಕು ಶೂ ಕಿತ್ತುಕೊಂಡು ಕಿಟಕಿಯೊಳಗೆ ಎಸೆದಳು! ಕಸಪೊರಕೆಗೆ ಕಾಲು ತಾಗಿದರೆ ನಮಸ್ಕಾರ ಮಾಡಿಸುತ್ತಿದ್ದ ನನ್ನ ಅಮ್ಮ! ಭುಜ ಕೊಟ್ಟು ಒಳಗೆ ನುಗ್ಗಿದಳು, ಶೂ ಎತ್ತಿ ಕೆಳಗಿಟ್ಟಳು, ಕಿಟಕಿ ಪಕ್ಕದ ಸೀಟಿನಲ್ಲಿ ನನ್ನನ್ನು ಕೂರಿಸಿ ತಾನೂ ಕೂತಳು. ಬಸ್ಸು ಹಲಸೂರು ಕಡೆ ಹೊರಟ ಮೇಲೆ, ಶೂ ಬಿದ್ದಿದ್ದ ಜಾಗವನ್ನು ಸೆರಗಿನಿಂದ ಒರೆಸಿ, ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಳು.